ಹದಿನೇಳನೇ ಬರ್ತ್

ಪೆರ್ಮ್,
೪ ಮಾರ್ಚ್ ೨೦೧೯, ಸೋಮವಾರ

ಪ್ರೀತಿಯ ತಾಸ್ಯಾ ಅಕ್ಕಾ,

ಹೇಗಿದ್ದೀಯಾ? ಸೊಂಟದ ನೋವು ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ ಎಂದು ಹಿಂದಿನ ಪತ್ರದಲ್ಲಿ ಕೇಳಿದ್ದೆ. ನೀನು ಉತ್ತರದಲ್ಲಿ ಉಲಾನ್ ಉದೆಯಲ್ಲಿ ಎಷ್ಟು ಹಿಮ ಬಿತ್ತು, ನೆರೆಮನೆಯ ದರಿಮಾಳ ಬೆಕ್ಕು ಎಷ್ಟು ಮರಿ ಹಾಕಿತು ಎಂದು ಎರಡು ಪುಟ ಬರೆದೆ. ನೋವಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಂದರೆ ಎರಡು ಹೊತ್ತೂ ಇದೆ ಎಂದು ನಾನು ತಿಳಿದುಕೊಂಡೆ. ಕಿವಿಯ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿಸಿದೆಯಾ? ಫೋನಿನಲ್ಲಿ ನಿನಗೆ ನನ್ನ ಮಾತು ಕೇಳಿಸುವುದಿಲ್ಲ. ದರಿಮಾಳಿಗೆ ಫೋನ್ ಮಾಡಿ ಅವಳಿಂದ ಹೇಳಿಸಬಹುದಿತ್ತು. ಆದರೆ ಈ ಸಲ ಮೂರನೆಯವರ ಬಾಯಿಂದ ಹೋಗಬಾರದ ಮಾತೊಂದಿದೆ, ಅದಕ್ಕೇ ಕಾಗದ ತೆಗೆದುಕೊಂಡು ಕೂತಿದ್ದೇನೆ. ನಾನು ಚೆನ್ನಾಗಿದ್ದೇನೆ. ರಕ್ತದೊತ್ತಡ ಹತೋಟಿಯಲ್ಲಿದೆ. ಇವತ್ತಿನಿಂದ ಮಾಸ್ಲೆನಿತ್ಸಾ, ಉಪವಾಸಕ್ಕೆ ಮುಂಚೆ ದೋಸೆ ತಿನ್ನುವ ವಾರ ಶುರುವಾಯಿತಲ್ಲ, ಬೆಳಿಗ್ಗೆ ಹನ್ನೆರಡು ದೋಸೆ ಹೊಯ್ದು ಏಳು ತಿಂದೆ. ನೀನು ಪಕ್ಕದಲ್ಲಿದ್ದಿದ್ದರೆ ‘ಸಾಕು ಕಣೆ ಗ್ಲಾಶಾ, ನಾಳೆಗೂ ಹೊಟ್ಟೆ ಬೇಕು’ ಎಂದು ತಟ್ಟೆ ಎಳೆದುಕೊಳ್ಳುತ್ತಿದ್ದೆ.

ನಿನ್ನ ಪತ್ರ ಒಂಬತ್ತು ದಿನಕ್ಕೆ ಬಂದು ಮುಟ್ಟಿತು. ಕೊನೆಯ ಪುಟವನ್ನು ನಾಲ್ಕು ಸಲ ಓದಿದೆ. ‘ಆಪರೇಷನ್‌ಗೆ ನಾನು ಬರೋದಿಲ್ಲ ಕಣೆ. ಅರವತ್ತೆರಡು ಗಂಟೆ ಈ ಸೊಂಟ ಇಟ್ಕೊಂಡು ರೈಲಲ್ಲಿ ಬಿದ್ದಿರೋಕೆ ನನ್ನ ಕೈಲಾಗಲ್ಲ. ಅದೂ ಹೋಗ್ಲಿ, ನಿನ್ನ ರೈಲು ನಿಂತ ಹಾಗೆ ನನ್ನ ರೈಲೂ ನಲವತ್ತು ಗಂಟೆ ಎಲ್ಲೋ ಹಿಮದ ಮಧ್ಯೆ ನಿಂತ್ಬಿಟ್ರೆ? ನೀನು ಗಟ್ಟಿಗಿತ್ತಿ, ತಡ್ಕೊಂಡೆ. ನಾನು ಅಲ್ಲೇ ಸೆಟೆದು ಕೊರಡಾಗ್ತೀನಿ.’ ಹೀಗೆ ಬರೆದಿದ್ದೀಯಾ. ಅಕ್ಕಾ, ಏಪ್ರಿಲ್ ಒಂದಕ್ಕೆ ನೀನು ಇಲ್ಲಿಯ ಆಸ್ಪತ್ರೆಗೆ ಸೇರಬೇಕು. ಮೂರಕ್ಕೆ ಸೊಂಟದ ಕೀಲು ಬದಲಿಸುತ್ತಾರೆ. ಅಲ್ಲಿ ನಿನ್ನನ್ನು ಎಬ್ಬಿಸಿ ಕೂರಿಸುವಷ್ಟು ಗಟ್ಟಿಯಾದವರು ಯಾರೂ ಇಲ್ಲವೆಂದು ನಾವಿಬ್ಬರೇ ಕೂತು ಪೆರ್ಮ್ ಎಂದು ಬರೆಸಿದೆವು, ಹದಿನಾಲ್ಕು ತಿಂಗಳು ಕಾದ ಮೇಲೆ ಈ ಸರದಿ ಬಂದಿದೆ. ದಿನ ತಪ್ಪಿದರೆ ಹೆಸರು ಮತ್ತೆ ಪಟ್ಟಿಯ ಬಾಲಕ್ಕೆ ಹೋಗುತ್ತದೆ. ಹೋದ ವಾರ ಡಾಕ್ಟರ್ ನಿನ್ನ ಎಕ್ಸ್‌ರೇ ಇನ್ನೊಮ್ಮೆ ನೋಡಿ, ‘ಇನ್ನೊಂದು ವರ್ಷ ಬಿಟ್ರೆ ನಿಮ್ಮಕ್ಕ ಕೋಲು ಹಿಡಿದೂ ನಡೆಯೋದಿಲ್ಲಮ್ಮ, ಗಾಲಿಕುರ್ಚಿ ನೋಡ್ಕೊಳ್ಳಿ’ ಎಂದರು. ಕಿವಿಯ ಆಪರೇಷನ್ ಆದ ಮೇಲೆ ವಿಮಾನ ಹತ್ತಬಾರದೆಂದು ನಿನಗೆ ಹೇಳಿದ್ದಾರೆ. ಉಳಿದದ್ದು ರೈಲೊಂದೇ. ಹಾಗಾಗಿ ಈ ಪತ್ರವನ್ನು ತಂಗಿ ಬರೆದದ್ದು ಎಂದುಕೊಳ್ಳಬೇಡ. ಮೂವತ್ತೊಂದು ವರ್ಷ ದೂರದ ರೈಲಿನಲ್ಲಿ ಬೋಗಿ ನೋಡಿಕೊಂಡವಳು ಬರೆದದ್ದು ಎಂದು ಓದು. ಟಿಕೆಟನ್ನು ನಾನು ಆಗಲೇ ತೆಗೆದಾಗಿದೆ. ಬೈಯುವುದನ್ನು ಕೊನೆಗಿಟ್ಟುಕೋ.

ಮಾರ್ಚ್ ಇಪ್ಪತ್ತೆರಡು, ಶುಕ್ರವಾರ ಬೆಳಿಗ್ಗೆ ಹೊರಡುವ ರೈಲು. ಏಳನೇ ಬೋಗಿ, ಹದಿನೇಳನೇ ಬರ್ತ್. ಬಾಗಿಲಿರುವ ನಾಲ್ಕು ಜನರ ಕೋಣೆ, ಕೆಳಗಿನ ಬರ್ತ್. ಹದಿನೇಳಕ್ಕಾಗಿ ನಾನು ಕೌಂಟರಿನಲ್ಲಿ ಎರಡು ದಿನ ಹಟ ಹಿಡಿದೆ. ಕೌಂಟರಿನವಳು, ‘ಅಜ್ಜಿ, ಒಂದನೇ ಬರ್ತ್ ಇದೆ, ಮೂವತ್ತೈದಿದೆ, ಎಲ್ಲಾ ಕೆಳಗಿಂದೇ, ಹದಿನೇಳರಲ್ಲಿ ಏನು ಚಿನ್ನ ಹೂತಿಟ್ಟಿದ್ದಾರಾ?’ ಎಂದು ಕೇಳಿದಳು. ಅವಳಿಗೇನು ಗೊತ್ತು. ಚಕ್ರಗಳಿರುವುದು ಬೋಗಿಯ ಎರಡು ತುದಿಗಳಲ್ಲಿ. ಹಳಿಯ ಪ್ರತಿಯೊಂದು ಕುಲುಕೂ ಮೊದಲು ಅಲ್ಲಿ ಮಲಗಿದವರ ಮೂಳೆಗೆ ಬಡಿಯುತ್ತದೆ. ಮೂವತ್ತೈದರ ಗೋಡೆಯಾಚೆ ಶೌಚಾಲಯ, ಬಾಗಿಲು ಬಡಿಯುವ ಸದ್ದಿಗೆ ಕೊನೆಯಿಲ್ಲ. ಸದ್ದು ನಿನಗೆ ಲೆಕ್ಕಕ್ಕಿಲ್ಲ, ಆದರೆ ಬಾಗಿಲು ತೆರೆದಾಗಲೆಲ್ಲ ನುಗ್ಗುವ ತಣ್ಣನೆಯ ಗಾಳಿ ಸೊಂಟಕ್ಕೆ ಲೆಕ್ಕಕ್ಕುಂಟು. ಹದಿನೇಳು ನಟ್ಟನಡುವೆ ಇದೆ. ಅಲ್ಲಿ ಚಹಾದ ಲೋಟ ಮೇಜಿನ ಮೇಲೆ ಇಟ್ಟಲ್ಲೇ ಇರುತ್ತದೆ.

ಹಾಸಿಗೆಯ ವಿಷಯ. ಒಂದು ಹಾಸಿಗೆ ನಿನಗೆ ಸಾಲದು. ಮೇಲಿನ ಸಾಮಾನಿನ ಹಲಗೆಯಲ್ಲಿ ಸುತ್ತಿಟ್ಟ ಹಾಸಿಗೆಗಳು ಯಾವಾಗಲೂ ಇರುತ್ತವೆ, ಇನ್ನೊಂದು ಬೇಕೆಂದು ಬೋಗಿ ನೋಡಿಕೊಳ್ಳುವವಳನ್ನು ಕೇಳಿದರೆ ಕೊಡುತ್ತಾಳೆ. ಎರಡನ್ನು ಒಂದರ ಮೇಲೊಂದು ಹಾಸಿ, ಗೋಡೆಯ ಕಡೆ ಅಂಚು ಸ್ವಲ್ಪ ಏರಿರುವಂತೆ ಮಾಡಿಸಿಕೊಳ್ಳಬೇಕು, ಇಲ್ಲದಿದ್ದರೆ ರೈಲು ತಿರುವಿನಲ್ಲಿ ವಾಲಿದಾಗ ಉರುಳಿದಂತಾಗುತ್ತದೆ. ನೋಯದ ಮಗ್ಗುಲಿಗೆ ಮಲಗಿ ಎರಡು ಮೊಣಕಾಲುಗಳ ನಡುವೆ ಸುತ್ತಿದ ಕಂಬಳಿ ಇಟ್ಟುಕೋ. ದಿಂಬು ಬೇಡ, ಅದು ಜಾರುತ್ತದೆ. ತಲೆಯನ್ನು ಕಿಟಕಿಯ ಕಡೆ ಇಡಬೇಡ. ಕಿಟಕಿ ಎಷ್ಟೇ ಭದ್ರವಾಗಿದ್ದರೂ ಮಾರ್ಚಿನಲ್ಲಿ ಅದರ ಬುಡದಿಂದ ಒಂದು ಎಳೆ ಗಾಳಿ ಬಂದೇ ಬರುತ್ತದೆ, ಕಿವಿಗೆ ಅದು ಆಗದು. ಗಣಿಗಾರಿಕೆ ಇಲಾಖೆಯ ದೆಮೆಂತಿ ಎಂಬ ಮುದುಕರೊಬ್ಬರು ವರ್ಷಕ್ಕೆರಡು ಸಲ ನನ್ನ ಬೋಗಿಯಲ್ಲಿ ಹೋಗುತ್ತಿದ್ದರು. ಬೆನ್ನುಮೂಳೆ ಮುರಿದು ಕೂಡಿದ ಮನುಷ್ಯ. ಮನೆಯಿಂದಲೇ ಒಂದು ಹಲಗೆ ತಂದು ಹಾಸಿಗೆಯ ಕೆಳಗಿಟ್ಟುಕೊಳ್ಳುತ್ತಿದ್ದರು. ‘ಗ್ಲಾಫಿರಾ ಸಾವ್ವಿಚ್ನಾ, ಜನ ಸೂಟ್‌ಕೇಸ್ ತರ್ತಾರೆ, ನಾನು ನನ್ನ ಶವಪೆಟ್ಟಿಗೆ ಮುಚ್ಚಳ ತರ್ತೀನಿ’ ಎಂದು ನನ್ನ ಪೂರ್ತಿ ಹೆಸರು ಹಿಡಿದು ಪ್ರತಿ ಸಲವೂ ಅದೇ ತಮಾಷೆ. ಎಂಬತ್ತೊಂದು ವಯಸ್ಸಿನವರೆಗೂ ತಿರುಗಾಡಿದರು. ನಿನಗೆ ಹಲಗೆ ಬೇಡ, ಹೇಳಿದೆನಷ್ಟೆ.

ಹಗಲಿನಲ್ಲಿ ಮೇಲಿನ ಬರ್ತಿನವರು ಊಟಕ್ಕೆ, ಚಹಾಕ್ಕೆ ನಿನ್ನ ಬರ್ತಿನ ತುದಿಯಲ್ಲಿ ಕೂರಲು ಬರುತ್ತಾರೆ, ಅದು ಪದ್ಧತಿ. ನೀನು ನಾಚಿಕೆಯಿಂದ ಕಾಲು ಮಡಚಿಕೊಂಡು ಮೂಲೆಗೆ ಒತ್ತಿಕೊಳ್ಳುತ್ತೀಯೆಂದು ನನಗೆ ಗೊತ್ತು. ಹಾಗೆ ಮಾಡಬೇಡ. ‘ನನಗೆ ಸೊಂಟ ಹೋಗಿದೆ, ಕಾಲು ಚಾಚೇ ಇರಬೇಕು, ನೀವು ಎದುರು ಬರ್ತ್ ಮೇಲೆ ಕೂತ್ಕೊಳ್ಳಿ’ ಎಂದು ಮೊದಲ ಹತ್ತು ನಿಮಿಷದಲ್ಲೇ ಹೇಳಿಬಿಡಬೇಕು. ಮೊದಲ ಹತ್ತು ನಿಮಿಷದಲ್ಲಿ ಹೇಳಿದರೆ ಅದು ಪರಿಚಯ. ಎರಡನೇ ದಿನ ಹೇಳಿದರೆ ಜಗಳ. ಇದು ನಾನು ಮೂವತ್ತೊಂದು ವರ್ಷ ಕಣ್ಣಾರೆ ಕಂಡದ್ದು.

ಅತಿ ಮುಖ್ಯವಾದದ್ದು ನಡೆಯುವುದು. ನೋವಿದೆಯೆಂದು ಮಲಗಿಯೇ ಇರುವವರು ಇಳಿಯುವಾಗ ಅಳುತ್ತಾರೆ. ಒಮ್ಮೆ ಟೀಚರೊಬ್ಬಳು ಇರ್ಕುಟ್ಸ್ಕ್‌ನಲ್ಲಿ ಹತ್ತಿ ಎರಡು ದಿನ ಏಳಲೇ ಇಲ್ಲ. ಏಳಮ್ಮಾ, ಎರಡು ಹೆಜ್ಜೆ ಹಾಕು ಎಂದರೆ, ‘ನಾನು ದುಡ್ಡು ಕೊಟ್ಟಿರೋದು ಮಲಗೋಕೆ’ ಎಂದಳು. ಓಮ್ಸ್ಕ್‌ನಲ್ಲಿ ಅವಳನ್ನು ಇಬ್ಬರು ಸೈನಿಕರು ಕುರ್ಚಿ ಇಳಿಸುವ ಹಾಗೆ ಎತ್ತಿ ಇಳಿಸಬೇಕಾಯಿತು. ನೀನು ಎರಡು ಗಂಟೆಗೊಮ್ಮೆ ಎದ್ದು ಕಿಟಕಿ ಸಾಲಿನ ಓಣಿಯಲ್ಲಿ ಕಂಬಿ ಹಿಡಿದು ತುದಿಯ ಬಿಸಿನೀರಿನ ಬಾಯ್ಲರಿನವರೆಗೆ ಹೋಗಿ ಬಾ. ಹೋಗುತ್ತ ಹದಿನಾಲ್ಕು ಹೆಜ್ಜೆ, ಬರುತ್ತ ಹದಿನಾಲ್ಕು ಹೆಜ್ಜೆ. ಬಿಸಿನೀರಿನ ಲೋಟ ಮಾತ್ರ ನೀನು ಹಿಡಿಯಬೇಡ. ಅರ್ಧ ಲೋಟವೂ ಬೇಡ. ನಿಲ್ದಾಣಗಳಲ್ಲಿ ಕೆಳಗಿಳಿಯುವುದೂ ಬೇಡ. ಮೆಟ್ಟಿಲು ಕಡಿದು, ಮಂಜುಗಡ್ಡೆ ಕಟ್ಟಿರುತ್ತದೆ, ಅಲ್ಲಿ ಮಾರುವ ಮೀನಿನ ಆಸೆಗೆ ಇಳಿದು ಕೈ ಮುರಿದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಬಟ್ಟೆಗೆ ನಿನ್ನ ಹಳೆಯ ನೀಲಿ ನಿಲುವಂಗಿಯೇ ಸಾಕು. ಮೊದಲ ದಿನ ಪ್ರಯಾಣಿಕರು ಒಬ್ಬರನ್ನೊಬ್ಬರು ನೋಡುತ್ತಾರೆ, ಎರಡನೇ ದಿನದಿಂದ ಎಲ್ಲರೂ ಮನೆಯವರೇ. ಚಪ್ಪಲಿ ಮಾತ್ರ ಹಿಮ್ಮಡಿ ಮುಚ್ಚುವಂಥದು ಬೇಕು. ಬರೀ ಮುಂದೆ ಪಟ್ಟಿಯಿರುವ ಚಪ್ಪಲಿ ಓಡುವ ರೈಲಿನಲ್ಲಿ ಕಾಲು ಬಿಟ್ಟು ತಾನೇ ಮುಂದೆ ಹೋಗುತ್ತದೆ.

ತಿಂಡಿಗೆ ಹೆಚ್ಚೇನೂ ಮಾಡಿಕೊಳ್ಳಬೇಡ. ನೀನು ಹೊರಡುವಾಗ ಈಸ್ಟರಿನ ಉಪವಾಸದ ಕಾಲ. ಕಾಯಿಲೆಯವರಿಗೂ ಪ್ರಯಾಣಿಕರಿಗೂ ವಿನಾಯಿತಿ ಇದೆ, ನೀನು ಎರಡೂ ಹೌದು. ಆದರೂ ಮೊಟ್ಟೆ ತಿನ್ನಲು ಮನಸ್ಸು ಒಪ್ಪದಿದ್ದರೆ ಎಲೆಕೋಸಿನ ಕಡುಬು, ಬೇಯಿಸಿದ ಆಲೂಗೆಡ್ಡೆ, ಉಪ್ಪು ಸೌತೆ ಸಾಕು. ಮುಖ್ಯವಾದದ್ದು ತಿನ್ನುವ ಹೊತ್ತು. ರೈಲು ಪಶ್ಚಿಮಕ್ಕೆ ಬರುತ್ತದೆ, ದಿನ ಎಳೆದ ಹಾಗೆ ಉದ್ದವಾಗುತ್ತದೆ. ಕೈಗಡಿಯಾರ ನೋಡಿಕೊಂಡು ತಿಂದರೆ ಹೊಟ್ಟೆ ಕೆಡುತ್ತದೆ. ಕಿಟಕಿಯಾಚೆ ಬೆಳಕು ನೋಡಿ ತಿನ್ನು. ಕತ್ತಲಾದರೆ ಮಲಗು. ಮೊದಲ ದಿನ ಬಲಗಡೆ ಬೈಕಾಲ್ ಗಂಟೆಗಟ್ಟಲೆ ಜೊತೆಗೇ ಬರುತ್ತದೆ. ಇನ್ನೂ ಹೆಪ್ಪುಗಟ್ಟಿಯೇ ಇರುತ್ತದೆ, ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತದೆ. ಇನ್ನೊಕೆಂತಿ ಭಾವ ಮೀನು ಹಿಡಿಯಲು ಹೋಗಿ ಟೋಪಿ ಕಳೆದುಕೊಂಡು ಬರುತ್ತಿದ್ದ ಜಾಗ ಬಂದಾಗ ಎದ್ದು ಕೂತು ನೋಡು.

ಭಾವನ ಹೆಸರು ಬಂದ ಮೇಲೆ ಇನ್ನು ತಪ್ಪಿಸಿಕೊಳ್ಳುವಂತಿಲ್ಲ. ಹೋದ ಅಕ್ಟೋಬರಿನಲ್ಲಿ ನನ್ನ ರೈಲು ಎಲ್ಲೂ ನಿಲ್ಲಲಿಲ್ಲ, ಅಕ್ಕಾ. ನಲವತ್ತು ಗಂಟೆಯೂ ಇಲ್ಲ, ನಾಲ್ಕು ನಿಮಿಷವೂ ಇಲ್ಲ. ಹೇಳಿದ ಹೊತ್ತಿಗೆ ಹೊರಟು ಹೇಳಿದ ಹೊತ್ತಿಗೆ ತಲುಪಿತು. ಅದರಲ್ಲಿ ನಾನಿರಲಿಲ್ಲ, ಅಷ್ಟೆ.

ನಡೆದದ್ದು ಹೀಗೆ. ನಮ್ಮ ಕಾಲದಲ್ಲಿ ಯಾವ ಊರಿನ ಟಿಕೆಟಿನ ಮೇಲೂ ಮಾಸ್ಕೊ ಸಮಯವನ್ನೇ ಅಚ್ಚು ಹಾಕುತ್ತಿದ್ದರು. ಊರಿನ ಸಮಯವನ್ನು ನಾವೇ ಕೂಡಿಸಿಕೊಳ್ಳಬೇಕಿತ್ತು. ನಮಗೆ ಎರಡು ಗಂಟೆ, ನಿಮಗೆ ಐದು. ಹೋದ ಆಗಸ್ಟಿನಿಂದ ಆಯಾ ಊರಿನ ಸಮಯವನ್ನೇ ಹಾಕುತ್ತಾರೆ. ಇದು ಪತ್ರಿಕೆಯಲ್ಲಿ ಬಂದಿತ್ತು, ನಾನು ಓದಿದ್ದೆ, ಈಗಲೂ ಕೆಲಸದಲ್ಲಿರುವ ಗೆಳತಿ ಅಲೆವ್ತಿನಾಳ ಜೊತೆ ಕೂತು ಅದನ್ನು ಬೈದೂ ಇದ್ದೆ. ಆದರೆ ಓದಿದ್ದು ತಲೆಯಲ್ಲಿ, ಮೂವತ್ತೊಂದು ವರ್ಷ ಇದ್ದದ್ದು ಕೈಯಲ್ಲಿ. ನನ್ನ ಅಡುಗೆಮನೆಯ ಗಡಿಯಾರ ಇವತ್ತಿಗೂ ಮಾಸ್ಕೊ ಸಮಯವನ್ನೇ ತೋರಿಸುತ್ತದೆ. ಅಕ್ಟೋಬರ್ ಏಳರ ಟಿಕೆಟಿನಲ್ಲಿ ಒಂಬತ್ತು ಐವತ್ತೆರಡು ಎಂದಿತ್ತು. ಅಡುಗೆಮನೆಯ ಗಡಿಯಾರದಲ್ಲಿ ಎಂಟೂ ಮೂವತ್ತೈದಕ್ಕೆ ನಾನು ಅಣಿಯಾದೆ. ಹೊರಡುವ ಮುನ್ನ ಕೂರುವ ಪದ್ಧತಿಯಂತೆ ಚೀಲದ ಪಕ್ಕ ಒಂದು ನಿಮಿಷ ಸುಮ್ಮನೆ ಕೂತೆ. ಆಗ ಊರಿನ ಸಮಯ ಹತ್ತೂ ಮೂವತ್ತೈದು, ರೈಲು ಹೋಗಿ ಮುಕ್ಕಾಲು ಗಂಟೆಯಾಗಿತ್ತು.

ನಿಲ್ದಾಣದಲ್ಲಿ ವಿಚಾರಣೆ ಕಿಟಕಿಯ ಹುಡುಗಿ, ‘ಅಜ್ಜಿ, ನಿಮ್ಮ ರೈಲು ಹೋಗಿ ಗಂಟೆ ಮೇಲಾಯ್ತು’ ಎಂದಳು. ‘ಏನು ಮಾತಾಡ್ತೀಯಾ ಮಗಾ, ನೀನು ಹುಟ್ಟೋಕೆ ಮುಂಚಿಂದ ನಾನು ಇದೇ ರೈಲಲ್ಲಿ ಕೆಲಸ ಮಾಡಿದ್ದೀನಿ’ ಎಂದು ಜೋರು ಮಾಡಿದೆ. ‘ಹಂಗಾದ್ರೆ ನಿಮಗೇ ಗೊತ್ತಿರ್ಬೇಕಿತ್ತಲ್ಲ ಅಜ್ಜಿ’ ಎಂದಳು. ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಮುಂದಿನ ರೈಲಿನಲ್ಲಿ ಜಾಗ ಸಿಕ್ಕಿದ್ದು ಎರಡು ದಿನ ಬಿಟ್ಟು. ಹನ್ನೊಂದಕ್ಕೆ ಭಾವ ತೀರಿಕೊಂಡ ನಲವತ್ತನೇ ದಿನದ ಊಟ. ನಾನು ನಿನ್ನ ಬಾಗಿಲಿಗೆ ಬಂದದ್ದು ಹನ್ನೆರಡರ ಬೆಳಿಗ್ಗೆ. ಹಿಂದಿನ ದಿನ ನನಗೆಂದು ನಿನ್ನ ಪಕ್ಕ ಒಂದು ಕುರ್ಚಿ ಖಾಲಿ ಇಟ್ಟಿದ್ದೆಯಂತೆ, ಯಾರು ಬಂದರೂ ‘ಅದು ಗ್ಲಾಶಾಗೆ’ ಎಂದು ಎಬ್ಬಿಸಿದೆಯಂತೆ. ದರಿಮಾ ಹೇಳಿದಳು.

ಬಾಗಿಲು ತೆಗೆದವಳು ನೀನೇ ಕೇಳಿದೆ: ‘ರೈಲು ನಿಂತಿತ್ತೇನೆ?’ ನಾನು ಹೌದೆಂದು ತಲೆಯಾಡಿಸಿದೆ. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲವಲ್ಲ ಎಂದು ಐದು ತಿಂಗಳು ನನಗೆ ನಾನೇ ಹೇಳಿಕೊಂಡೆ. ಅದೂ ನಿಜವಲ್ಲ. ಮಧ್ಯಾಹ್ನ ಚಹಾ ಕುಡಿಯುವಾಗ ದರಿಮಾ, ‘ಎಷ್ಟು ಹೊತ್ತು ನಿಂತಿತ್ತು, ಗ್ಲಾಶಾ ಚಿಕ್ಕಮ್ಮ?’ ಎಂದಳು. ನಲವತ್ತು ಗಂಟೆ ಎಂದೆ. ನಲವತ್ತನೇ ದಿನದ ನಲವತ್ತು ತಲೆಯಲ್ಲಿತ್ತೋ ಏನೋ. ನೀನು ಆಗ ನನ್ನ ಕಾಲಿಗೆ ಕಂಬಳಿ ಹೊದಿಸಿ, ‘ಪಾಪ, ಎಷ್ಟು ಚಳಿ ತಿಂದ್ಯೋ’ ಎಂದೆ. ಆಗಲೇ ಹೇಳಬೇಕಿತ್ತು. ಊರವರಿಗೆಲ್ಲ ಸಮಯ ಹೇಳುತ್ತಿದ್ದ ಹೆಂಗಸು ಟಿಕೆಟ್ ಓದಲಾರದೆ ಅಕ್ಕನ ಗಂಡನ ಕೊನೆಯ ಊಟ ತಪ್ಪಿಸಿಕೊಂಡಳು ಎಂದು ಹೇಳಲು ನಾಲಿಗೆ ಏಳಲಿಲ್ಲ. ಆ ಸುಳ್ಳು ನನ್ನ ಮಾನ ಉಳಿಸಿ ಸುಮ್ಮನಿರುತ್ತದೆ ಎಂದುಕೊಂಡಿದ್ದೆ. ಈಗ ನೋಡಿದರೆ ಅದೇ ಬಂದು ನಿನ್ನ ದಾರಿಗೆ ಅಡ್ಡ ಮಲಗಿದೆ. ನಿಲ್ಲದ ರೈಲು ನಿಂತಿತೆಂಬ ಭಯಕ್ಕೆ ನೀನು ಇರುವ ಕಾಲನ್ನು ಕಳೆದುಕೊಳ್ಳಲು ಹೊರಟಿದ್ದೀಯಾ. ಅದನ್ನು ನಾನು ನೋಡಿಕೊಂಡು ಕೂರಲಾರೆ.

ಈ ಭಾನುವಾರ ಕ್ಷಮೆಯ ಭಾನುವಾರ. ಮಾಸ್ಲೆನಿತ್ಸಾ ಮುಗಿಯುವ ದಿನ ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತಾರೆ, ಕೇಳಿಸಿಕೊಂಡವರು ‘ದೇವರು ಕ್ಷಮಿಸ್ತಾನೆ’ ಎನ್ನುತ್ತಾರೆ. ಈ ಪತ್ರ ಅಷ್ಟರೊಳಗೆ ನಿನಗೆ ಮುಟ್ಟುವುದಿಲ್ಲ, ಹದಿಮೂರರ ಬುಧವಾರ ಮುಟ್ಟಬಹುದು. ಕ್ಷಮೆ ಕೇಳುವುದರಲ್ಲೂ ಮೂರು ದಿನ ತಡ. ಇದಕ್ಕೂ ರೈಲು ಕಾರಣವಲ್ಲ. ಆದರೂ ಕೇಳುತ್ತಿದ್ದೇನೆ: ನನ್ನನ್ನು ಕ್ಷಮಿಸು. ದೇವರ ಪಾಲಿಗೆ ಬಿಡಬೇಡ, ನೀನೇ ಕ್ಷಮಿಸು.

ಕೋಲಿನ ತುದಿಯ ರಬ್ಬರ್ ಸವೆದಿದ್ದರೆ ಬದಲಿಸು. ದರಿಮಾಳಿಗೂ ಬೆಕ್ಕಿನ ಮರಿಗಳಿಗೂ ನನ್ನ ನೆನಪು ತಿಳಿಸು. ಭಾವನ ಸಮಾಧಿಯ ಹತ್ತಿರ ಹಿಮ ತೆಗೆಯಲು ನೀನು ಹೋಗಬೇಡ, ಕರಗುವ ಕಾಲ ಬಂತು. ನಿನ್ನ ಎರಡು ಕೈಗಳಿಗೂ ಮುತ್ತು. ದೇವರು ನಿನ್ನನ್ನು ಜಾರದ ಹಾಗೆ ಕಾಯಲಿ.

ನಿನ್ನ ತಂಗಿ,
ಗ್ಲಾಶಾ

ಮತ್ತೆ: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಅಕ್ಷರ ಸೊಟ್ಟಗಾದರೆ ಬೇಸರಿಸಬೇಡ. ಟಿಕೆಟಿಗಾಗಿ ಲಕೋಟೆ ಅಲುಗಾಡಿಸಿ ನೋಡಬೇಡ, ಅದು ಇದರಲ್ಲಿಲ್ಲ. ಎರಡೂ ನನ್ನ ಬಳಿ ಇವೆ. ಹೌದು, ಎರಡು. ಹದಿನೇಳು ನಿನ್ನದು, ಮೇಲಿನ ಹದಿನೆಂಟು ನನ್ನದು. ಅರವತ್ತೇಳು ವರ್ಷದವಳು ಮೇಲೆ ಹೇಗೆ ಹತ್ತುತ್ತಾಳೆ ಎಂದು ಕೇಳಬೇಡ. ಹೋದ ಗುರುವಾರ ಯಾರ್ಡಿನಲ್ಲಿ ನಿಂತಿದ್ದ ಖಾಲಿ ಬೋಗಿಗೆ ಅಲೆವ್ತಿನಾ ನನ್ನನ್ನು ಕರೆದುಕೊಂಡು ಹೋಗಿದ್ದಳು. ಮೂರನೇ ಪ್ರಯತ್ನಕ್ಕೆ ಹತ್ತಿದೆ. ‘ಹತ್ತಿದ್ದಾಯ್ತು, ಇಳಿಸೋಕೆ ಕ್ರೇನ್ ತರಿಸ್ಲಾ ಅಕ್ಕಾ?’ ಎಂದು ಕೆಳಗೆ ನಿಂತು ಹಲ್ಲು ಕಿಸಿದಳು. ನಾನೇ ಇಳಿದೆ. ಈ ತಿಂಗಳ ಹದಿನೇಳಕ್ಕೆ ಇಲ್ಲಿಂದ ಹೊರಡುತ್ತೇನೆ, ಟಿಕೆಟಿನ ಹೊತ್ತನ್ನು ಅಲೆವ್ತಿನಾಳಿಂದ ಗಟ್ಟಿಯಾಗಿ ಓದಿಸಿಕೊಂಡಿದ್ದೇನೆ. ಇಪ್ಪತ್ತರ ಬೆಳಗಿನ ಜಾವ ಅಲ್ಲಿರುತ್ತೇನೆ. ನಿಲ್ದಾಣದಲ್ಲೇ ಕೂತಿದ್ದು ಬೆಳಗಾದ ಮೇಲೆ ಮನೆಗೆ ಬರುತ್ತೇನೆ. ನೀನು ಎದ್ದು ಕಾಯಬೇಡ. ಬೈಯುವುದನ್ನು ಅಲ್ಲಿಂದ ಇಲ್ಲಿಯವರೆಗೂ ಬೈಯಬಹುದು, ಅರವತ್ತೆರಡು ಗಂಟೆ ಸಿಗುತ್ತದೆ. ಇಷ್ಟಾದ ಮೇಲೂ ‘ಬರೋದಿಲ್ಲ’ ಎಂದು ಇನ್ನೊಂದು ಪತ್ರ ಬರೆಯಬೇಕೆನ್ನಿಸಿದರೆ ಧಾರಾಳವಾಗಿ ಬರೆ. ಹದಿನಾಲ್ಕಕ್ಕೆ ಅಂಚೆಗೆ ಹಾಕಿದರೆ ಅದು ಇಲ್ಲಿಗೆ ಬರುವುದು ಇಪ್ಪತ್ತಮೂರಕ್ಕೆ. ನಡುವೆ ಕ್ರಾಸ್ನೊಯಾರ್ಸ್ಕ್ ಆಸುಪಾಸಿನಲ್ಲಿ ಎಲ್ಲೋ ಅದೂ ನಾನೂ ಎದುರುಬದುರಾಗಿ ಹಾದುಹೋಗುತ್ತೇವೆ. ಇಪ್ಪತ್ತನಾಲ್ಕರ ಸಂಜೆ ಇಲ್ಲಿಗೆ ಬಂದು ಕಾಲು ಚಾಚಿ ಕೂತ ಮೇಲೆ ನೀನೇ ಲಕೋಟೆ ಒಡೆದು ನನಗೆ ಓದಿ ಹೇಳುವೆಯಂತೆ.